ಹರಿದ ಕುರ್ಚಿಯ ಪುಟ

ಅದು ಶುರುವಾದದ್ದು ಚಳಿಗಾಲ ಕಾಲಿಟ್ಟ ಹೊಸತರಲ್ಲಿ, ಮಧ್ಯಾಹ್ನದ ಬಿಸಿಲು ಅಂಗಡಿಯ ಹೊಸ್ತಿಲು ಬಿಟ್ಟು ಎದುರು ಗೋಡೆ ಹತ್ತುವ ಹೊತ್ತಿಗೆ. ನಾನು ತೊಟ್ಟಿಯಲ್ಲಿ ನೆನೆದ ಬೆತ್ತದ ಸೀಳುಗಳನ್ನು ಒಂದೊಂದಾಗಿ ತೆಗೆದು ಒರೆಸುತ್ತಿದ್ದೆ. ನನ್ನ ತಮ್ಮ ಒಂದು ಕುರ್ಚಿಯ ಚೌಕಟ್ಟನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಹೆಣೆಯುತ್ತಿದ್ದ. ಅವನ ಮಗಳು ಸುಮ್ಮನೆ ಕೂತಿದ್ದಳು. ಸೋಮಾರಿತನದಿಂದಲ್ಲ. ಆ ವಾರ ಬಂದಿದ್ದದ್ದು ಅದೊಂದೇ ಕುರ್ಚಿ, ಮತ್ತು ಒಂದು ಕುರ್ಚಿಯನ್ನು ಇಬ್ಬರು ಹೆಣೆಯಲಾಗುವುದಿಲ್ಲ.

ತಮ್ಮ ತಲೆ ಎತ್ತದೆ ಮಾತು ತೆಗೆದ. ಎರಡು ಬಸ್ಸು ಬದಲಿಸಿ ಹೋಗಬೇಕಾದ ಊರಿನಲ್ಲಿ ಒಂದು ಕುರ್ಚಿ ಕಾರ್ಖಾನೆ ಇದೆ, ಅಲ್ಲಿ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಮಷಿನ್ನೇ ಕುರ್ಚಿ ಹೆಣೆಯುತ್ತದೆ, ಹೆಣೆದದ್ದನ್ನು ಮುಟ್ಟಿ ನೋಡಿ ತಪ್ಪು ಹಿಡಿಯುವವರೊಬ್ಬರು ಬೇಕಂತೆ, ಮೇಸ್ತ್ರಿ ತನ್ನ ಹಳೆಯ ಗೆಳೆಯನೇ, ಉಳಿದುಕೊಳ್ಳಲು ಕೋಣೆಯನ್ನೂ ಕೊಡುತ್ತಾರಂತೆ. ಚಳಿಗಾಲ ಮುಗಿಯುವವರೆಗೆ ಆ ಜಾಗ ಹಿಡಿದಿಟ್ಟಿರಲು ಗೆಳೆಯ ಒಪ್ಪಿದ್ದಾನೆ. ಮಗಳು ಹೋಗಲಿ ಎಂಬುದು ಅವನ ಮಾತಿನ ತಾತ್ಪರ್ಯ.

ಅವಳಿಗೆ ಬೇರೆ ಹೆಸರಿದ್ದರೂ ಎಲ್ಲರೂ ಕರೆಯುವುದು ಸೂಜಿ ಎಂದೇ. ತೆಳ್ಳಗಿದ್ದಾಳೆಂದು ಮಾತ್ರವಲ್ಲ; ಹೊಕ್ಕರೆ ಇನ್ನೊಂದು ಕಡೆಯಿಂದ ಹೊರಬರದೆ ಬಿಡುವವಳಲ್ಲ. ಅವಳು ಒಂದೇ ಪ್ರಶ್ನೆ ಕೇಳಿದಳು.

"ಕೆಲಸ ಬಂದ್ರೆ ಇಲ್ಲೇ ಇರಬಹುದಾ ಅಪ್ಪ?"

"ಇಬ್ಬರ ಕೈಗಾಗುವಷ್ಟು ಬಂದ್ರೆ ನಾನ್ಯಾಕಮ್ಮ ನಿನ್ನ ಕಳಿಸ್ಲಿ."

ಅಲ್ಲಿಗೆ ಒಪ್ಪಂದವಾಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಗಂಡನ ಮನೆಯಿಂದ ಬೇಗ ವಾಪಸು ಬಂದವಳು ನಾನು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಸೂಜಿಯನ್ನು ಬೆಳೆಸಿದವಳೂ ನಾನೇ. ಅವಳ ಕೈ ಎಂಥದ್ದೆಂದು ನನಗೆ ಗೊತ್ತು. ಕುರ್ಚಿಯ ಕೂರುವ ಜಾಗವನ್ನು ಬೆತ್ತದಲ್ಲಿ ಹೆಣೆಯಲು ಆರು ಸುತ್ತು ಬೇಕು. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಮೂಲೆಯಿಂದ ಮೂಲೆಗೆ ಎರಡು. ಕೊನೆಯ ಎರಡರಲ್ಲಿ ಎಲ್ಲಿ ಮೇಲೆ ಹೋಗಬೇಕೋ ಅಲ್ಲಿ ಕೆಳಗೆ ಹೋದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ, ಆದರೆ ಒಂದು ಎಳೆ ಇನ್ನೊಂದನ್ನು ಗರಗಸದಂತೆ ಕೊಯ್ಯುತ್ತಾ ಹೋಗುತ್ತದೆ. ಸೂಜಿ ಮಾತಾಡುತ್ತಾ, ಬೀದಿ ನೋಡುತ್ತಾ, ಜಗಳವಾಡುತ್ತಾ ಹೆಣೆದರೂ ಅವಳ ಎಳೆ ದಾರಿ ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಕೈ ಮಷಿನ್ನು ಹೆಣೆದ ಪ್ಲಾಸ್ಟಿಕ್ಕನ್ನು ಸವರಿಕೊಂಡು ಕೂರಬೇಕೆಂದರೆ ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆಂದು ತಮ್ಮನದು ತಪ್ಪೆನ್ನಲೂ ಬಾಯಿಲ್ಲ. ಕುರ್ಚಿಯೇ ಇಲ್ಲದೆ ಅವಳಾದರೂ ಏನನ್ನು ಹೆಣೆದಾಳು?

ಅದೇ ವಾರ ಗ್ರಂಥಾಲಯದ ಮಹಡಿಯ ಮೇಲೆ ಸಣ್ಣ ಅಂಗಡಿಯವರಿಗಾಗಿ ಸಂಜೆ ಪಾಠ ಶುರುವಾಗುತ್ತದೆಂದು ಸೂಜಿ ಸುದ್ದಿ ತಂದಳು. ವೆಬ್‌ಸೈಟ್ ಮಾಡಿಕೊಳ್ಳುವುದನ್ನು ಹೇಳಿಕೊಡುತ್ತಾರೆ, ಬಿಟ್ಟಿಯಾಗಿ. ಅಂಗಡಿಯಲ್ಲಿ ಕೆಲಸವಿರಲಿಲ್ಲವಾಗಿ ನಾನೂ ಜೊತೆಗೆ ಹೋಗತೊಡಗಿದೆ. ಎರಡನೇ ತರಗತಿ ದಾಟಿದವಳಲ್ಲ ನಾನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಳ್ಳಲು ಯಾವ ತರಗತಿಯೂ ಬೇಕಾಗಿರಲಿಲ್ಲ.

ಟೀಚರಮ್ಮ ದಪ್ಪ ಕನ್ನಡಕದ, ಸದಾ ನೆಗಡಿಯಾದಂತೆ ಮಾತಾಡುವ ಹೆಂಗಸು. ಒಳ್ಳೆಯವಳು. ವೆಬ್‌ಸೈಟಿನ ಮೊದಲ ಪುಟವೆಂದರೆ ಅಂಗಡಿಯ ಬಾಗಿಲು, ಬಾಗಿಲಲ್ಲಿ ನಿಂತವನಿಗೆ ಇದು ಯಾವ ಅಂಗಡಿ, ಇಲ್ಲಿ ತನಗೇನು ಸಿಗುತ್ತದೆ, ಹೇಗೆ ಕೇಳಬೇಕು, ಇಷ್ಟು ತಿಳಿಯಬೇಕು, ಉಳಿದದ್ದೆಲ್ಲ ಆಮೇಲೆ ಎಂದು ಶುರು ಮಾಡಿದಳು. ಫೋನ್ ನಂಬರು ಹೆಬ್ಬೆರಳಿಗೆ ಸಿಗುವ ಕಡೆ ಇರಲಿ. ಅಂಗಡಿ ತೆಗೆಯುವ ಹೊತ್ತು, ಮುಚ್ಚುವ ಹೊತ್ತು ನಿಜವಾದದ್ದೇ ಬರೆಯಿರಿ. ಎರಡು ಬಣ್ಣ ಸಾಕು. ಫೋಟೊ ಭಾರವಾದರೆ ಪುಟ ತೆರೆಯಲು ಹೊತ್ತು ಹಿಡಿಯುತ್ತದೆ, ಬಂದವನು ಕಾಯುವುದಿಲ್ಲ, ಅದಕ್ಕೆ ಫೋಟೊವನ್ನು ಹಗುರ ಮಾಡಿ ಹಾಕಿ. ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ, ಅಳಿಯನ ಕೈಗೆ ಕೊಡಬೇಡಿ. ಈ ಕೊನೆಯ ಮಾತಿಗೆ ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಅವಳಿಗೆ ಅಂಥ ಅಳಿಯನೊಬ್ಬ ಇದ್ದಿರಬೇಕು.

ಬೀಗ ರಿಪೇರಿಯವನು ತನ್ನ ಪುಟದಲ್ಲಿ ಕೆಂಪು ಅಕ್ಷರಗಳು ಹತ್ತಿ ಆರುವಂತೆ ಮಾಡಿದ್ದ. ನಿಮ್ಮ ಅಂಗಡಿಗೆ ಬೆಂಕಿ ಬಿದ್ದಿದೆಯಾ ಎಂದು ಟೀಚರಮ್ಮ ಕೇಳಿದಳು. ಬ್ರೆಡ್ ಸುಡುವ ಹೆಂಗಸು ತನ್ನ ಒಲೆಯನ್ನು ಯಾರು ಕಟ್ಟಿದರು, ಆಗ ತನ್ನ ಅತ್ತೆ ಏನಂದರು ಎಂದೆಲ್ಲ ಉದ್ದಕ್ಕೆ ಬರೆದಿದ್ದಳು. "ಹಸಿದು ಬಂದವನಿಗೆ ಒಲೆಯ ಚರಿತ್ರೆ ಬೇಡಮ್ಮ. ಬಾಗಿಲು ಎಷ್ಟೊತ್ತಿಗೆ ತೆಗೀತೀರಿ, ಅದನ್ನ ಹೇಳಿ," ಎಂದಳು ಟೀಚರಮ್ಮ. ಸೂಜಿಯ ಪುಟ ನೋಡಿ ಮಾತ್ರ ತಲೆದೂಗಿದಳು. ಚೊಕ್ಕವಾಗಿತ್ತು, ನಂಬರು ಮೇಲಿತ್ತು, ಸಾಕಷ್ಟು ಜಾಗ ಬಿಟ್ಟಿತ್ತು. ಫೋಟೊ ಬರಬೇಕಾದ ಕಡೆ ಬೂದು ಬಣ್ಣದ ಖಾಲಿ ಚೌಕವಿತ್ತು. ಅಲ್ಲಿ ನಿಮ್ಮ ಅಂಗಡಿಯನ್ನು ಹೇಳುವ ಒಂದು ಒಳ್ಳೆಯ ಫೋಟೊ ಹಾಕಿಬಿಡಿ, ಆಮೇಲೆ ನಾಲ್ಕು ಜನಕ್ಕೆ ತೋರಿಸಿ, ಅವರು ಮೂರು ಉಸಿರು ಬಿಡುವಷ್ಟರಲ್ಲಿ ವಾಪಸು ತೆಗೆದುಕೊಂಡು ಇದು ಯಾವ ಅಂಗಡಿ ಅಂತ ಕೇಳಿ, ಸರಿಯಾಗಿ ಹೇಳಿದರೆ ಪುಟ ಗೆದ್ದಂತೆ ಎಂದಳು. ಪಾಠ ಅಲ್ಲಿಗೆ ಮುಗಿಯಿತು.

ಇನ್ನು ನಮ್ಮ ಬೀದಿಯ ರೀತಿ ಹೇಳಬೇಕು. ಅದೊಂದು ಸಣ್ಣ ಬೀದಿ, ಇರುವವರೆಲ್ಲ ರಿಪೇರಿಯವರು. ಸರಿಯಿರುವ ವಸ್ತುವನ್ನು ಬಾಗಿಲಿಗೆ ತೂಗುಹಾಕುವವನು ಮಾರುವವನು. ಕೆಟ್ಟದ್ದನ್ನು ತೂಗುಹಾಕುವವನು ರಿಪೇರಿಯವನು. ಚಪ್ಪಲಿ ಹೊಲಿಯುವ ಅಜ್ಜನ ಬಾಗಿಲಲ್ಲಿ ಅಟ್ಟೆ ಬಾಯಿಬಿಟ್ಟ ಒಂದು ಬೂಟು. ಕೊಡೆಯಣ್ಣನ ಬಾಗಿಲಲ್ಲಿ ಕಡ್ಡಿ ಮುರಿದ ಕೊಡೆ. ನಮ್ಮ ಬಾಗಿಲ ಮೇಲೆ ನಮ್ಮಪ್ಪ ನೇತುಹಾಕಿದ, ನಡುವೆ ತೂತು ಬಿದ್ದು ಬೆತ್ತ ಜೋತಾಡುವ ಕುರ್ಚಿ. ಹೆಣೆದು ಮುಗಿದ ಕುರ್ಚಿಯನ್ನು ಯಾರ ಕಣ್ಣಿಗೂ ಬೀಳುವಂತೆ ಇಡಕೂಡದು, ಅದು ಇನ್ನೊಬ್ಬರ ಮನೆಯದು, ಅದನ್ನು ತೋರಿಸಿ ನಾವು ಮೆರೆಯುವುದೇ ಎಂದು ನಮ್ಮಪ್ಪ ಹೇಳುತ್ತಿದ್ದ. ಮುಗಿದ ಕೂಡಲೇ ಬಟ್ಟೆ ಸುತ್ತಿ ಒಳಗಿಡುವುದು, ಅವರು ಬಂದಾಗ ಹಾಗೇ ಕೊಡುವುದು. ನಮ್ಮ ಮನೆಯಲ್ಲೋ, ದೀಪದ ಬುಡದಲ್ಲಿ ಕತ್ತಲೆ. ನಾವು ಕೂರುವುದು ಮರದ ಪೆಟ್ಟಿಗೆಗಳ ಮೇಲೆ.

ಹಾಗಾಗಿ ಅಂಗಡಿಯನ್ನು ಹೇಳುವ ಫೋಟೊ ಯಾವುದೆಂದು ನಮ್ಮಲ್ಲಿ ಯಾರಿಗೂ ಅನುಮಾನವೇ ಬರಲಿಲ್ಲ. ಸೂಜಿ ಏಣಿ ಹತ್ತಿ ಬಾಗಿಲ ಮೇಲಿನ ಹರಿದ ಕುರ್ಚಿಯ ಫೋಟೊ ತೆಗೆದಳು. ಬೆಳಗಿನ ಬೆಳಕು ತೂತಿನ ಮೂಲಕ ಹಾಯ್ದು ಬಹಳ ಚೆನ್ನಾಗಿ ಬಂದಿತ್ತು. ಅದರ ಕೆಳಗೆ, ಟೀಚರಮ್ಮ ಹೇಳಿದಂತೆ ಚಿಕ್ಕದಾಗಿ, 'ಹರಿದ ಬೆತ್ತದ ಕುರ್ಚಿಗಳಿಗೆ, ಮೂರು ತಲೆಮಾರಿನಿಂದ' ಎಂದು ಬರೆದಳು. ಇನ್ನೂ ಕೆಳಗೆ ಅಂಥವೇ ಏಳೆಂಟು ಫೋಟೊ. ಮುರಿದ ಕೈಯವು, ಬೆನ್ನು ಕಿತ್ತವು. ಹೆಣೆದು ಕೊಡುತ್ತೇವೆ ಎಂಬ ಮಾತು ಎಲ್ಲದರ ಕೆಳಗೆ ಕೂತಿತ್ತು.

ಆಮೇಲೆ ನಾಲ್ಕು ಜನಕ್ಕೆ ತೋರಿಸಬೇಕಲ್ಲ. ಯಾರಿಗೆ ತೋರಿಸುವುದು? ಬೀದಿಯವರಿಗೆ. ಚಪ್ಪಲಿಯ ಅಜ್ಜ ಒಂದು ಉಸಿರು ಪೂರ್ತಿ ಬಿಡುವ ಮುಂಚೆಯೇ ಕುರ್ಚಿ ರಿಪೇರಿ ಎಂದ. ಕೊಡೆಯಣ್ಣ, "ಇದನ್ನೂ ಕೇಳ್ಬೇಕಾ? ಕುರುಡನೂ ಹೇಳ್ತಾನೆ," ಎಂದ. ಗಡಿಯಾರದವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿ, ನಿಮ್ಮಪ್ಪನ ಕಾಲದ ಬೋರ್ಡೇ ಅಲ್ವಾ, ಫಸ್ಟ್ ಕ್ಲಾಸ್ ಎಂದ. ಎಲ್ಲರೂ ಸರಿಯಾಗಿಯೇ ಹೇಳಿದರು. ಪುಟ ಗೆದ್ದಿತೆಂದು ಸೂಜಿ ಅಂದು ಸಂಜೆಯೇ ಅದನ್ನು ಜಗತ್ತಿಗೆ ಬಿಟ್ಟಳು.

ಮೂರನೇ ದಿನಕ್ಕೆ ಫೋನ್ ಬಂತು. ಸೂಜಿ ಕೈ ಒರೆಸಿಕೊಂಡು, ಎದ್ದು ನಿಂತು, ಮಾತಾಡಿದಳು. ಆ ಕಡೆಯವನು ಕೇಳಿದ್ದಿಷ್ಟೆ: ಕುರ್ಚಿ ಒಯ್ಯಲು ನೀವೇ ಬರುತ್ತೀರಾ, ಕುರ್ಚಿ ಮಾತ್ರವೋ ಅಥವಾ ಹಳೇ ಹಾಸಿಗೆಯನ್ನೂ ಒಯ್ಯುತ್ತೀರಾ? ಹಾಸಿಗೆ ನಮ್ಮ ಕೆಲಸವಲ್ಲ ಎಂದು ಅವಳು ಮರ್ಯಾದೆಯಿಂದ ಹೇಳಿದಳು. ಪಾಪ, ಯಾರೋ ತಿಳಿಯದವನು ಎಂದುಕೊಂಡೆವು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯಲು ಹೋದರೆ ಹೊಸ್ತಿಲ ಮೇಲೆ ಮೂರು ಕಾಲಿನ ಒಂದು ಪ್ಲಾಸ್ಟಿಕ್ ಕುರ್ಚಿ ಗೋಡೆಗೊರಗಿ ನಿಂತಿತ್ತು. ಇಟ್ಟವರು ಯಾರೆಂದು ಗೊತ್ತಿಲ್ಲ. ಕೇಳಿಕೊಂಡು ಬಂದಾರೆಂದು ನನ್ನ ತಮ್ಮ ಅದನ್ನು ಒಳಗೆ ಎತ್ತಿಟ್ಟ. ಯಾರೂ ಬರಲಿಲ್ಲ. ಬಂದದ್ದು ಇನ್ನಷ್ಟು ಕುರ್ಚಿ.

ಆಫೀಸಿನ ಚಕ್ರದ ಕುರ್ಚಿ, ಕೂಸನ್ನು ಕೂರಿಸಿ ಉಣ್ಣಿಸುವ ಎತ್ತರದ ಕುರ್ಚಿ, ಸ್ಪ್ರಿಂಗು ಹೊರಬಂದ ಸೋಫಾದ ಅರ್ಧ. ಒಂದು ದಿನವಂತೂ ಯಾವುದೋ ಹೋಟೆಲಿನವರು ಗಾಡಿ ತುಂಬ ಮುರಿದ ಕುರ್ಚಿ ತಂದು, ನಾನು ಬೇಡ ಬೇಡ ಎನ್ನುತ್ತಿದ್ದರೂ ನಗುನಗುತ್ತಾ, ಇಟ್ಕೊಳಿ ಅಜ್ಜಿ, ನಿಮಗೆ ಆಗುತ್ತೆ ಎಂದು ಇಳಿಸಿಹೋದರು. ಬೇಲಿಯ ಮೇಲೆ ಹೋಗುವ ಓತಿಯನ್ನು ಹೆಗಲ ಮೇಲೆ ಬಿಟ್ಟುಕೊಂಡಂತಾಯಿತು ನಮ್ಮ ಪಾಡು. ಕೊಡೆಯಣ್ಣ ಬಂದು ಸೊಂಟಕ್ಕೆ ಕೈ ಕೊಟ್ಟು ನೋಡಿದ.

"ಒಂದು ಸಭೆ ಮಾಡಬಹುದು ಸೂಜಿ. ಅಧ್ಯಕ್ಷರ ಕುರ್ಚಿಗೆ ಕಾಲಿಲ್ಲ ಅಷ್ಟೆ."

ಸೂಜಿ ಅವನ ಜೊತೆ ನಕ್ಕಳು. ಅವನು ಹೋದ ಮೇಲೆ ನಗಲಿಲ್ಲ. ಬೀದಿ ಗುಡಿಸುವವರು ದಾರಿಗೆ ಅಡ್ಡವಾಗುತ್ತದೆಂದು ತಗಾದೆ ಮಾಡಿದ ಮೇಲೆ ಎಲ್ಲವನ್ನೂ ಒಳಗೆ ಪೇರಿಸಬೇಕಾಯಿತು. ನಮ್ಮ ಅಂಗಡಿ ಉದ್ದಕ್ಕಿದೆ, ಅಗಲವಿಲ್ಲ. ಕಿಟಕಿಯ ಕೆಳಗೆ ಸೂಜಿ ಕೂತು ಹೆಣೆಯುವ ಜಾಗವೇ ಮೊದಲು ಮುಚ್ಚಿಹೋಯಿತು. ಕೆಲಸ ತರಲೆಂದು ಮಾಡಿದ ಪುಟ ಅವಳು ಕೆಲಸಕ್ಕೆ ಕೂರುವ ಜಾಗವನ್ನೇ ತಿಂದಿತು. ತಮ್ಮ ತಾನೂ ಕೈಹಾಕಿ ಪೇರಿಸಿದ. ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ.

ಚಳಿಗಾಲ ಅರ್ಧಕ್ಕೆ ಬಂದಾಗ ಒಬ್ಬಳು ನಡುವಯಸ್ಸಿನ ಹೆಂಗಸು ಬಾಗಿಲಿಗೆ ಬಂದಳು. ಹಿಂದೆ ಅವಳ ಗಂಡ ಒಂದು ತೂಗುಕುರ್ಚಿಯನ್ನು ಎದೆಗವಚಿಕೊಂಡು ನಿಂತಿದ್ದ. ಒಳ್ಳೆಯ ಮರ, ಹಳೆಯ ಕೆಲಸ. ಕೂರುವ ಕಡೆ ಮಾತ್ರ ಬೆತ್ತ ಹರಿದಿತ್ತು. ಅಂಥ ಒಂದು ಕುರ್ಚಿಗಾಗಿ ನಾವು ಎರಡು ತಿಂಗಳಿಂದ ಕಾದಿದ್ದೆವು. ಸೂಜಿಯ ಕಣ್ಣು ಅದರ ಮೇಲೆ ಹೋದದ್ದನ್ನು ನೋಡಿದೆ. ಚೌಕಟ್ಟಿನಲ್ಲಿ ಎಳೆ ಪೋಣಿಸುವ ತೂತುಗಳನ್ನು ಆಗಲೇ ಎಣಿಸತೊಡಗಿದ್ದಳು. ಹೆಂಗಸು ಮಾತ್ರ ಹೊಸ್ತಿಲು ದಾಟಲಿಲ್ಲ. ಒಳಗಿನ ರಾಶಿಯನ್ನು ನೋಡುತ್ತಾ ನಿಂತಳು.

"ಇದು ನಮ್ಮಮ್ಮ ಕೂತಿದ್ದ ಕುರ್ಚಿ. ಬಿಸಾಡೋಕೆ ತಂದಿಲ್ಲ," ಎಂದಳು.

"ಬಿಸಾಡೋದಲ್ಲ ಮೇಡಂ, ನಾವು ಹೆಣೆದು ಕೊಡ್ತೀವಿ. ಅದೇ ನಮ್ಮ ಕೆಲಸ."

"ಹೆಣೆದಿರೋದು ಒಂದು ತೋರಿಸ್ತೀರಾ?"

ಸೂಜಿ ಹಿಂದೆ ತಿರುಗಿದಳು. ನಾನೂ ತಿರುಗಿದೆ, ಅಂಗಡಿಯನ್ನು ಮೊದಲ ಸಲ ನೋಡುವಂತೆ. ಸೂರು ಮುಟ್ಟುವಷ್ಟು ಕುರ್ಚಿಗಳಿದ್ದವು. ಇಡಿಯಾದ ಒಂದೂ ಇರಲಿಲ್ಲ. ಮುಗಿದದ್ದೆಲ್ಲ ಅವರವರ ಮನೆ ಸೇರಿತ್ತು. ಹೆಂಗಸು ಒರಟಾಗಿ ಏನೂ ಹೇಳಲಿಲ್ಲ. ಇನ್ನೊಮ್ಮೆ ಬರುತ್ತೇನಮ್ಮ ಎಂದಳು. ಗಂಡ ಕುರ್ಚಿಯನ್ನು ಬಾಗಿಲ ಚೌಕಟ್ಟಿಗೆ ತಾಗದಂತೆ ಜೋಪಾನವಾಗಿ ತಿರುಗಿಸಿಕೊಂಡ. ಬೀದಿಯ ಕೊನೆಯವರೆಗೆ ಆ ಕುರ್ಚಿ ಅವನ ಹೆಗಲ ಮೇಲೆ ತೂಗಿಕೊಂಡು ಹೋಯಿತು.

ಮರುದಿನ ನಾವಿಬ್ಬರೂ ಟೀಚರಮ್ಮನನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದೆವು. ಅವಳು ಫೋನಿನಲ್ಲಿ ಪುಟವನ್ನು ನೋಡಿದಳು, ಕನ್ನಡಕ ತೆಗೆದು ಒರೆಸಿದಳು, ಮತ್ತೆ ನೋಡಿದಳು. ನಮ್ಮನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಬಂದು, ಅಲ್ಲಿ ಚೀಲ ಹಿಡಿದು ನಿಂತಿದ್ದ ಯಾರೋ ಒಬ್ಬಳ ಕೈಗೆ ಫೋನ್ ಕೊಟ್ಟು, ಮೂರು ಉಸಿರಿಗೆ ವಾಪಸು ತೆಗೆದುಕೊಂಡು, ಇದು ಯಾವ ಅಂಗಡಿ ಹೇಳಿ ಎಂದಳು.

"ಹಳೇ ಕುರ್ಚಿ ತಗೊಳ್ಳೋ ಗುಜರಿ ಅಲ್ವಾ?" ಎಂದಳು ಆಕೆ. ತಪ್ಪು ಹೇಳಿದೆನೇ ಎಂಬಂತೆ ನಮ್ಮ ಮುಖ ನೋಡಿದಳು. ಬಸ್ಸು ಬಂತು, ಹತ್ತಿ ಹೋದಳು.

"ನೀವು ಯಾರನ್ನ ಕೇಳಿದ್ರಿ?" ಎಂದಳು ಟೀಚರಮ್ಮ.

"ನಮ್ಮ ಬೀದಿಯವರನ್ನ," ಎಂದಳು ಸೂಜಿ.

ಟೀಚರಮ್ಮ ಬೈಯಲಿಲ್ಲ. ಗೊತ್ತಿಲ್ಲದವರನ್ನು ಕೇಳಿ ಎಂದು ತಾನೇ ಬಾಯಿಬಿಟ್ಟು ಹೇಳಬೇಕಿತ್ತು ಎಂದು ಅವಳೇ ನೊಂದುಕೊಂಡಳು. ರಿಪೇರಿಯಾದ ಒಂದು ಕುರ್ಚಿಯನ್ನು ಮೇಲೆ ಹಾಕಿ, ಏನು ಮಾಡುತ್ತೀರಿ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ, ಇಷ್ಟೇ, ದೊಡ್ಡದೇನಲ್ಲ ಎಂದಳು. ದೊಡ್ಡದೇನಲ್ಲ ನಿಜ. ಆದರೆ ನಮ್ಮಲ್ಲಿ ರಿಪೇರಿಯಾದ ಕುರ್ಚಿ ಇರಲಿಲ್ಲವಲ್ಲ.

ಅಂಗಡಿಗೆ ಬಂದವಳೇ ಸೂಜಿ ರಾಶಿಯೊಳಗೆ ಕೈಹಾಕಿ, ಅಡಿಯಲ್ಲೆಲ್ಲೋ ಸಿಕ್ಕಿದ್ದ ಒಂದು ಮರದ ಕುರ್ಚಿಯನ್ನು ಎಳೆದು ತೆಗೆದಳು. ದುಂಡು ಬೆನ್ನು, ಸಣ್ಣ ಸಣ್ಣ ತೂತುಗಳು. ಯಾರದೆಂದು ಗೊತ್ತಿಲ್ಲ, ಬಿಟ್ಟುಹೋದವರು ಮತ್ತೆ ಕೇಳುವವರೂ ಅಲ್ಲ. ತೋರಿಸಬಹುದಾದ ಕುರ್ಚಿಯೆಂದರೆ ಅದೊಂದೇ. ತನ್ನ ಜಾಗವಿಲ್ಲದ್ದರಿಂದ ಬೀದಿಯಲ್ಲೇ, ನಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತು ಹೆಣೆಯತೊಡಗಿದಳು. ನಾನು ಇದ್ದುದರಲ್ಲಿ ಒಳ್ಳೆಯ ಬೆತ್ತವನ್ನು ನೂಲಿನಷ್ಟು ಸಣ್ಣಗೆ ಸೀಳಿಕೊಟ್ಟೆ. ಅವಳು ಆ ಕುರ್ಚಿಯಲ್ಲಿ ಎಷ್ಟು ದಿನ ಮುಳುಗಿದ್ದಳೋ ನನಗೆ ಲೆಕ್ಕವಿಲ್ಲ. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ನನ್ನ ತಮ್ಮನೂ ಒಳಗಿನಿಂದ ನೋಡುತ್ತಿದ್ದ. ಕೊನೆಯ ಸುತ್ತು ಮುಗಿದ ದಿನ ಅವನು ಹೊರಗೆ ಬಂದು, ಬಗ್ಗಿ, ಬೆರಳುಗಳನ್ನು ಹೆಣಿಗೆಯ ಮೇಲೆ ಎಳೆದ. ಬೆಕ್ಕಿನ ಬೆನ್ನು ಸವರುವಂತೆ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಒಳಗೆ ಹೋಗಿ ತನ್ನ ಪೆಟ್ಟಿಗೆಯ ಮೇಲೆ ಕೂತ.

ಇಡಿ ಕುರ್ಚಿಯನ್ನು ಊರಿಗೆಲ್ಲ ತೋರಿಸಲು ಅವನು ಒಪ್ಪುತ್ತಾನೋ ಇಲ್ಲವೋ ಎಂಬ ಹೆದರಿಕೆ ನನಗಿತ್ತು. ಸೂಜಿ ಕೇಳಿದಾಗ ಅವನು ಹಾಕು ಎಂದ, ಅಷ್ಟೆ.

ಅವಳು ಬಿಳಿ ಗೋಡೆಯ ಮುಂದೆ ಕುರ್ಚಿಯನ್ನಿಟ್ಟು ಫೋಟೊ ತೆಗೆದಳು. ಹರಿದ ಕುರ್ಚಿಗಳ ಫೋಟೊಗಳನ್ನೆಲ್ಲ ಅಳಿಸಿದಳು. 'ಹರಿದ ಬೆತ್ತದ ಕುರ್ಚಿಯನ್ನು ಹೀಗೆ ಹೆಣೆದು ಕೊಡುತ್ತೇವೆ' ಎಂದು ಮೊದಲ ಸಾಲಿನಲ್ಲೇ ಬರೆದಳು. ಈ ಸಲ ಬಸ್ ನಿಲ್ದಾಣದಲ್ಲಿ ನಿಂತು, ಮುಖಪರಿಚಯವಿಲ್ಲದವರಿಗೇ ತೋರಿಸಿದಳು. ಎಲ್ಲರೂ ಸರಿಯಾಗಿ ಹೇಳಿದರು. ಪುಟ ಈಗ ನಿಜವಾಗಿಯೂ ಸರಿಯಾಗಿತ್ತು.

ಹೊಸ್ತಿಲ ಮೇಲೆ ಹಳೇ ಕುರ್ಚಿ ಬೀಳುವುದು ಮಾತ್ರ ನಿಲ್ಲಲಿಲ್ಲ.

ಯಾಕೆಂದು ಟೀಚರಮ್ಮನೇ ಹುಡುಕಿ ತೋರಿಸಿದಳು. ಫೋನಿನಲ್ಲಿ ದಾರಿ ತೋರಿಸುವ ನಕ್ಷೆ ಇರುತ್ತದಲ್ಲ, ಅದರಲ್ಲಿ ಜನರು ನಮ್ಮ ಅಂಗಡಿಯನ್ನು ಗುಜರಿ ಎಂದು ಗುರುತು ಹಾಕಿಬಿಟ್ಟಿದ್ದರು. ಕೆಳಗೆ ಒಬ್ಬೊಬ್ಬರೂ ಹೊಗಳಿ ಬರೆದಿದ್ದರು. ಸೂಜಿ ನನಗೆ ಓದಿ ಹೇಳಿದಳು. 'ಬಾಗಿಲ ಹತ್ತಿರ ಇಟ್ಟು ಬಂದರೆ ಸಾಕು, ಏನೂ ಕೇಳುವುದಿಲ್ಲ.' 'ಒಳ್ಳೆಯ ಜನ, ಅಜ್ಜಿ ಮೊದಲು ಬೇಡ ಅನ್ನುತ್ತಾರೆ, ಆಮೇಲೆ ಇಟ್ಟುಕೊಳ್ಳುತ್ತಾರೆ.' ಪ್ರತಿಯೊಂದಕ್ಕೂ ಐದೈದು ನಕ್ಷತ್ರ. ಬೈದಿದ್ದರೆ ಹೋಗಿ ಜಗಳವಾಡಬಹುದಿತ್ತು. ಹೊಗಳಿದವರ ಮೇಲೆ ಏನು ಮಾಡುವುದು? ಕುರ್ಚಿ ಹೆಣೆಯುವವರು ಬೇಕೆಂದು ಯಾರಾದರೂ ಹುಡುಕಿದರೆ ನಾವು ಸಿಗುತ್ತಿರಲಿಲ್ಲ. ಕುರ್ಚಿ ಎಸೆಯಬೇಕೆಂದು ಹುಡುಕಿದರೆ ನಾವೇ ಎಲ್ಲರಿಗಿಂತ ಮೇಲೆ ಸಿಗುತ್ತಿದ್ದೆವು.

ಸೂಜಿ ನಕ್ಷೆಯವರಿಗೆ ಬರೆದಳು. ನಿಮ್ಮ ಸಲಹೆಗೆ ಧನ್ಯವಾದ ಎಂದು ಮರುಗಳಿಗೆಯೇ ಉತ್ತರ ಬಂತು. ನಮ್ಮ ಸಂತೋಷ ಅಷ್ಟಕ್ಕೇ ಮುಗಿಯಿತು. ಮತ್ತೆ ಬರೆದರೆ, ಈ ಬದಲಾವಣೆಯನ್ನು ಖಚಿತಪಡಿಸಿಕೊಳ್ಳಲು ಆಗಲಿಲ್ಲ ಎಂದು ಬಂತು. ಬೀದಿಯವರೆಲ್ಲ ತಾವೂ ಬರೆಯುತ್ತೇವೆಂದು ಮುಂದೆ ಬಂದರು. ಒಂದು ಮಧ್ಯಾಹ್ನ ಚಪ್ಪಲಿಯ ಅಜ್ಜ, ಕೊಡೆಯಣ್ಣ, ಗಡಿಯಾರದವನು ಸಾಲಾಗಿ ನಮ್ಮ ಅಂಗಡಿಯ ಮುಂದೆ ಕೂತು, ಸೂಜಿ ಹೇಳಿಕೊಟ್ಟಂತೆ, ಇದು ಗುಜರಿಯಲ್ಲ, ಕುರ್ಚಿ ರಿಪೇರಿ ಅಂಗಡಿ ಎಂದು ತಂತಮ್ಮ ಫೋನಿನಲ್ಲಿ ಒತ್ತಿದರು. ಒಂದೇ ಬೀದಿಯಿಂದ ಒಂದೇ ಹೊತ್ತಿಗೆ ಒಂದೇ ಮಾತು ಬಂದದ್ದನ್ನು ಕಂಡು ಆ ಕಡೆಯ ಯಂತ್ರ ಇದು ಕಟ್ಟುಕತೆಯೆಂದು ತೀರ್ಮಾನಿಸಿ ಎಲ್ಲವನ್ನೂ ಅಳಿಸಿಹಾಕಿತು. ನಮ್ಮ ಬೀದಿಯ ಒಗ್ಗಟ್ಟು ನಮಗೇ ಮುಳುವಾಯಿತು.

"ಅವರ ಆಫೀಸು ಎಲ್ಲಿದೆ ಹೇಳು. ಹೋಗಿ ಬಾಗಿಲಲ್ಲಿ ಕೂರೋಣ," ಎಂದೆ ನಾನು.

"ಬಾಗಿಲು ಇಲ್ಲ ಅತ್ತೆ."

"ಬಾಗಿಲಿಲ್ಲದ ಆಫೀಸು ಇರುತ್ತೇನೇ?"

"ಇರುತ್ತೆ."

ಅವಳು ಅದನ್ನು ಸಮಾಧಾನದಿಂದಲೇ ಹೇಳಿದಳು. ಇಷ್ಟು ವರ್ಷ ನಾನು ಬೇಕಾದಷ್ಟು ಬಾಗಿಲಲ್ಲಿ ನಿಂತಿದ್ದೇನೆ. ಆಸ್ಪತ್ರೆಯ ಬಾಗಿಲು, ಮನೆ ಮಾಲಿಕರ ಬಾಗಿಲು. ಕೂತು ಕಾದರೆ ಯಾರಾದರೂ ಒಬ್ಬರು ಹೊರಗೆ ಬಂದು ಏನಮ್ಮ ಎಂದು ಕೇಳುತ್ತಿದ್ದರು. ಇಲ್ಲ ಎನ್ನಲಿಕ್ಕಾದರೂ ಒಬ್ಬರು ಬರುತ್ತಿದ್ದರು.

ಏನೂ ಬರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬಸ್ ನಿಲ್ದಾಣದಲ್ಲಿ ಪುಟ ನೋಡಿದ ಒಬ್ಬಳು ತನ್ನ ಮನೆಯ ಊಟದ ಕುರ್ಚಿಗಳನ್ನು ತಂದಳು. ಅವಳ ಮಾತು ಕೇಳಿ ಅವಳ ಅಕ್ಕ ತಂದಳು. ಒಬ್ಬರ ಕೈಗೆ ಬಿಡುವಿರದಷ್ಟು ಕೆಲಸ ಕೂಡಿಬಂತು. ಇಬ್ಬರ ಕೈಗೆ ಆಗಲಿಲ್ಲ. ಚಳಿ ಬಿಡುತ್ತಾ ಬಂತು, ಕಾರ್ಖಾನೆಯ ಗೆಳೆಯನಿಂದ ಫೋನೂ ಬಂತು. ಸೂಜಿ ತಾನಾಗಿಯೇ ತನ್ನ ಬಟ್ಟೆ ಒಗೆದು, ಮಡಚಿ, ಚೀಲ ತುಂಬತೊಡಗಿದಳು. ಶುಕ್ರವಾರ ಹೊರಡುತ್ತೇನೆ ಎಂದು ನನಗೆ ಹೇಳಿದಳು. ಪಾಸ್‌ವರ್ಡ್ ನಿನಗೆ ಕಲಿಸಿಹೋಗುತ್ತೇನೆ ಅತ್ತೆ, ಅಂಗಡಿ ಮುಚ್ಚುವ ಹೊತ್ತು ಬದಲಾದರೆ ನೀನೇ ಬರೆಯಬೇಕು ಎಂದಳು. ಎರಡು ಸಲ ಕಲಿಸಿದಳು. ನನ್ನ ಬೆರಳು ಪ್ರತಿಸಲ ಪಕ್ಕದ ಅಕ್ಷರವನ್ನೇ ಒತ್ತುತ್ತಿತ್ತು. ಅವಳು ಬೇಸರಿಸದೆ ಮೂರನೇ ಸಲ ಕಲಿಸಿದಳು. ನಾನು ಹೋಗಬೇಡ ಎನ್ನಲಿಲ್ಲ. ಇರು ಎಂದರೆ ಯಾವ ಕುರ್ಚಿಯನ್ನು ತೋರಿಸಿ ಇರಿಸಿಕೊಳ್ಳಲಿ?

ಅವಳು ಹೊರಡಬೇಕಿದ್ದ ದಿನದ ಹಿಂದಿನ ಬೆಳಿಗ್ಗೆ ನಾನು ಅಂಗಡಿಯ ಹೊಸ್ತಿಲು ಗುಡಿಸುವಾಗ ತಮ್ಮ ಒಗೆದ ಅಂಗಿ ಹಾಕಿಕೊಂಡು, ಸಣ್ಣ ಚೀಲ ಹಿಡಿದು ಬೀದಿಯಲ್ಲಿ ನಿಂತಿದ್ದ. ಮಗಳ ಸಾಮಾನು ಮುಂಚಿತವಾಗಿ ಒಯ್ಯುತ್ತಾನೇನೋ ಎಂದುಕೊಂಡೆ. ಸೂಜಿಗೆ ನನಗಿಂತ ಮೊದಲು ಅರ್ಥವಾಯಿತು. ಒಳಗೆ ಆಗಲೇ ಕೆಲಸಕ್ಕೆ ಕೂತಿದ್ದವಳು ಕೈಯಲ್ಲಿದ್ದ ಚೌಕಟ್ಟನ್ನು ಕೆಳಗಿಟ್ಟು ಹೊರಗೆ ಬಂದಳು.

"ಎಲ್ಲಿಗೆ?"

"ಗೆಳೆಯನ ಹತ್ರ ಮಾತಾಡಿದೀನಿ. ಹೆಣೆಯೋದು ಮಷಿನ್ನು, ನಾನು ಮುಟ್ಟಿ ನೋಡಿದ್ರೆ ಸಾಕಂತೆ."

"ಹೋಗೋದು ನಾನು ಅಂತ ಮಾತಾಗಿತ್ತು."

"ಒಬ್ಬರ ಕೈಗೆ ಕೆಲಸ ಇದೆ ಇಲ್ಲಿ. ಆ ದುಂಡು ಕುರ್ಚಿ ಮುಟ್ಟಿ ನೋಡಿದ ಮೇಲೆ ಆ ಜಾಗದಲ್ಲಿ ನಾನು ಹ್ಯಾಗಮ್ಮ ಕೂರ್ಲಿ?"

"ನನ್ನ ಒಂದು ಮಾತು ಕೇಳಿದ್ಯಾ ಅಪ್ಪ?"

"ಕೇಳಿದ್ರೆ ನೀನು ಬಿಡ್ತಿದ್ಯಾ?"

ಸೂಜಿ ಅಳಲಿಲ್ಲ, ಕೂಗಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಇಂಥ ಉಪಕಾರವನ್ನು ತಾನು ಕೇಳಿರಲಿಲ್ಲ, ಅಪ್ಪನನ್ನು ಎಬ್ಬಿಸಿ ಅವನ ಪೆಟ್ಟಿಗೆಯ ಮೇಲೆ ಕೂರಲು ತಾನು ಆ ಕುರ್ಚಿ ಹೆಣೆದದ್ದಲ್ಲ ಎಂದು ನನ್ನ ಕಡೆ ತಿರುಗಿ ಹೇಳಿದಳು, ನಾನೇ ನ್ಯಾಯ ಹೇಳಬೇಕೆಂಬಂತೆ. ತಮ್ಮನೂ ನನ್ನ ಮುಖವನ್ನೇ ನೋಡಿದ. ಅರವತ್ತು ಹತ್ತಿರ ಬಂದವನು, ಬೆನ್ನು ಬಾಗಿದೆ, ಅನ್ನ ನೀರು ನೋಡಿಕೊಳ್ಳುವವರಿಲ್ಲದ ಊರಿನ ಕೋಣೆಯೊಂದಕ್ಕೆ ಹೊರಟಿದ್ದಾನೆ. ಅವಳು ಹೋದರೆ ಆ ಕೈ ಹೋಗುತ್ತದೆ. ಅವನು ಹೋದರೆ ಅವನು ಹೋಗುತ್ತಾನೆ. ಇಬ್ಬರಲ್ಲಿ ಯಾರಿಗೆ ಇರು ಎಂದರೂ ಇನ್ನೊಬ್ಬರಿಗೆ ಹೋಗು ಎಂದಂತೆ. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು: ಏನಾದರೂ ತಿಂದೆಯಾ?

ತಿಂದೆ ಅಕ್ಕ ಎಂದ. ಸುಳ್ಳೆಂದು ನನಗೆ ಗೊತ್ತಿತ್ತು, ಒಲೆ ಹೊತ್ತಿಸಿರಲಿಲ್ಲ.

ಬಸ್ ನಿಲ್ದಾಣದವರೆಗೆ ನಾನೊಬ್ಬಳೇ ಹೋದೆ. ಸೂಜಿ ಬರಲಿಲ್ಲ, ಅಂಗಡಿಯಲ್ಲಿ ಒದ್ದೆ ಬೆತ್ತ ಅರ್ಧಕ್ಕೆ ನಿಂತಿತ್ತು, ಬಿಟ್ಟರೆ ಒಣಗುತ್ತಿತ್ತು. ಬಸ್ಸು ತಡವಾಗಲಿ ಎಂದುಕೊಂಡೆ. ತಡವಾಗಲಿಲ್ಲ. ಅವನು ಹತ್ತಿ, ಕಿಟಕಿಯ ಪಕ್ಕ ಜಾಗ ಸಿಗದೆ, ನಡುವೆ ಕಂಬ ಹಿಡಿದು ನಿಂತ. ಜನರ ಸಂದಿಯಲ್ಲಿ ಅವನ ಅಂಗಿಯ ತೋಳು ಮಾತ್ರ ಕಾಣುತ್ತಿತ್ತು.

ಹೋದವನು ನನ್ನ ತಮ್ಮ. ಅಂದು ಗುರುವಾರ.